ಅಳುತ್ತಿದ್ದವರನ್ನು ಆಸ್ಪತ್ರೆಗೆ ಕರೆತಂದರು: ಶಿರಸಿ ಸೀಮೆಯ ಒಂದು ಮನೆ, ಒಂದು ಸಾವು, ಇಬ್ಬರು

ಜೂನ್ ಎರಡನೇ ವಾರ. ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಮನೆಯಿಂದ 61 ವರ್ಷದ ಹೆಂಗಸೊಬ್ಬರನ್ನು ಮನೋವೈದ್ಯರ ಹತ್ತಿರ ಕರೆತಂದರು. ಬೆಂಗಳೂರಿನಿಂದ ಬಂದಿದ್ದ ಮಗ ಕೊಟ್ಟ ಕಾರಣ ಇಷ್ಟೇ: "ಅಪ್ಪಯ್ಯ ತೀರಿಕೊಂಡು ಮೂರೂವರೆ ತಿಂಗಳಾಯ್ತು. ಆಯಿ (ಅಮ್ಮ) ಇನ್ನೂ ದಿನಾ ಅಳ್ತಾರೆ. ಡಿಪ್ರೆಶನ್ನೇ ಇರಬೇಕು." ಜೊತೆಗೆ ಬಂದಿದ್ದ ಚಿಕ್ಕಪ್ಪ, ಅಂದರೆ ತೀರಿಕೊಂಡವರ ತಮ್ಮ, 57 ವರ್ಷದವರು, ಒಳಗೆ ಬರಲಿಲ್ಲ. ತಮ್ಮ ಹೊಟ್ಟೆಯುರಿಯ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ಖಿನ್ನತೆ ಇದ್ದದ್ದು ಹೊರಗೆ ಕೂತವರಿಗೆ. ಒಳಗೆ ಅಳುತ್ತಿದ್ದವರಿಗೆ ಇದ್ದದ್ದು ದುಃಖ. ಮನೆಯವರು ತಪ್ಪಿದ್ದು ಕಾಳಜಿಯ ಕೊರತೆಯಿಂದಲ್ಲ. ಕಣ್ಣೀರನ್ನು ಅಳತೆಗೋಲು ಮಾಡಿಕೊಂಡದ್ದರಿಂದ. ಈ ತಪ್ಪು ಹೇಗಾಗುತ್ತದೆ, ಅದನ್ನು ಸರಿಪಡಿಸುವಾಗ ಏನೇನು ಮಾಡಬೇಕಾಗುತ್ತದೆ, ಎಲ್ಲಿ ಮತ್ತೆ ಎಡವುತ್ತೇವೆ ಎಂಬುದನ್ನು ತೋರಿಸಲು ಈ ಪ್ರಕರಣವನ್ನು ಕಲಿಕೆಗಾಗಿ ಕಟ್ಟಲಾಗಿದೆ. ಇದು ಯಾವುದೇ ಒಂದು ನಿಜ ಕುಟುಂಬದ ಕಥೆಯಲ್ಲ. ಲಕ್ಷಣ, ಪರೀಕ್ಷೆ, ಔಷಧದ ವಿವರಗಳು ಮಾತ್ರ ವೈದ್ಯಕೀಯದಲ್ಲಿ ಇರುವಂತೆಯೇ ಇವೆ. ಹೆಸರು ಬೇಕಿಲ್ಲ. ಮಗ ಕರೆಯುವಂತೆ ನಾವೂ ಆಯಿ, ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯೋಣ.

ಸಾವು ಹೇಗಾಯಿತು

ಫೆಬ್ರುವರಿ ಕೊನೆಯ ವಾರ, ಕೊನೆಕೊಯ್ಲು ಮುಗಿದು ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತಿದ್ದ ಹೊತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಆಯಿಯ ಗಂಡನಿಗೆ, ಅಂದರೆ ಚಿಕ್ಕಪ್ಪನ ಅಣ್ಣನಿಗೆ, ಎದೆನೋವು ಬಂತು. ಮನೆಯಿಂದ ಟಾರು ರಸ್ತೆಗೆ ಬರಲೇ ಅರ್ಧ ಗಂಟೆ. ಶಿರಸಿಯಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು. ಸುಮಾರು ನೂರು ಕಿಲೋಮೀಟರಿನ ಆ ದಾರಿಯಲ್ಲಿ, ತಮ್ಮನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಅವರು ಹೋದರು. ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನ. ಆಮೇಲೆ ಮಗ ಬೆಂಗಳೂರಿಗೆ ಹೋದರು, ತಿಂಗಳಿಗೊಮ್ಮೆ ಮಾಸಿಕಕ್ಕೆ ಬರುತ್ತಿದ್ದರು. ಮನೆಯಲ್ಲಿ ಉಳಿದವರು ಮೂವರು.

ಆಯಿ

ಅವರ ಅಳುವನ್ನು ಹತ್ತಿರದಿಂದ ನೋಡಿದರೆ ಅದಕ್ಕೊಂದು ಆಕಾರವಿತ್ತು. ಬೆಳಗಿನ ಚಹಾಕ್ಕೆ ಕೈತಪ್ಪಿ ಎರಡು ಲೋಟ ಇಟ್ಟಾಗ ಅಳು. ಗಂಡನ ಕನ್ನಡಕ ಕಪಾಟಿನಲ್ಲಿ ಸಿಕ್ಕಾಗ ಅಳು. ಹತ್ತು ನಿಮಿಷ, ಕಾಲು ಗಂಟೆ. ಆಮೇಲೆ ಮುಖ ತೊಳೆದು ಕೊಟ್ಟಿಗೆಗೆ ಹೋಗುತ್ತಿದ್ದರು. ಪಕ್ಕದ ಮನೆಯ ಮಗು ಬಂದರೆ ನಗುತ್ತಿದ್ದರು, ನಕ್ಕದ್ದಕ್ಕೆ ನಾಚಿ ಮತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡನಿಗೆ ಅಪ್ಪೆಹುಳಿ ಇಷ್ಟ ಎಂದು ಮಾಸಿಕದ ದಿನ ಅದನ್ನು ತಾವೇ ಮಾಡಿ, ಅದರ ಕಥೆ ಹೇಳುತ್ತ ಬಡಿಸಿದರು. ಅಂದರೆ ದುಃಖ ತೆರೆಯಂತೆ ಬರುತ್ತಿತ್ತು, ಹೋಗುತ್ತಿತ್ತು. ಎರಡು ತೆರೆಗಳ ನಡುವೆ ಜಾಗ ಇತ್ತು. ಆ ಜಾಗದಲ್ಲಿ ಊಟ, ಮಾತು, ದನಕರು, ನಗು ಎಲ್ಲಕ್ಕೂ ಎಡೆಯಿತ್ತು. ತಮ್ಮ ಬಗ್ಗೆ ಅವರಿಗೆ ಕೀಳು ಭಾವನೆ ಇರಲಿಲ್ಲ. "ಅವರಿಲ್ಲದೆ ಮನೆ ಖಾಲಿ" ಎನ್ನುತ್ತಿದ್ದರೇ ಹೊರತು "ನಾನು ಯಾತಕ್ಕೂ ಬೇಡದವಳು" ಎಂದಲ್ಲ.

ಮನೆಯವರು ಹೆದರಿದ್ದು ಇನ್ನೊಂದಕ್ಕೆ. ಸಂಜೆ ಹೊತ್ತಿಗೆ ಜಗಲಿಯಲ್ಲಿ ಗಂಡ ಕೆಮ್ಮಿದಂತೆ ಕೇಳುತ್ತದೆ ಎಂದು ಆಯಿ ಎರಡು ಸಲ ಹೇಳಿದ್ದರು. ಇದು ಹುಚ್ಚಿನ ಲಕ್ಷಣವಲ್ಲ. ನಲವತ್ತು ವರ್ಷ ಒಂದೇ ಹೊತ್ತಿಗೆ ಕೇಳಿದ ಸದ್ದನ್ನು ಕಿವಿ ಇನ್ನೂ ಕಾಯುತ್ತಿರುತ್ತದೆ. ಸಂಗಾತಿಯನ್ನು ಕಳೆದುಕೊಂಡ ಅನೇಕರಿಗೆ ಹೀಗಾಗುತ್ತದೆ. ಅದು ನಿಜವಲ್ಲ ಎಂದು ಅವರಿಗೇ ಗೊತ್ತಿರುತ್ತದೆ, ಕೆಲವರಿಗೆ ಅದರಿಂದ ಸಮಾಧಾನವೂ ಸಿಗುತ್ತದೆ. ಅದು ಆಜ್ಞೆ ಕೊಡುವ ಧ್ವನಿಯಾದರೆ, ಹೆದರಿಸುವಂತಿದ್ದರೆ, ದಿನವಿಡೀ ಕೇಳುತ್ತಿದ್ದರೆ ಮಾತ್ರ ಚಿಂತಿಸಬೇಕು.

ಈ ಹೆದರಿಕೆಯಲ್ಲಿ ಮೊದಲ ತಪ್ಪು ಆಗಿಹೋಗಿತ್ತು. ಯಾರೋ ಹೇಳಿದರೆಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದು, ಆಲ್‌ಪ್ರಜೋಲಾಮ್ 0.25 ಮಿ.ಗ್ರಾಂ, ಇಪ್ಪತ್ತು ದಿನ ರಾತ್ರಿ ಕೊಟ್ಟಿದ್ದರು. ಬೆಳಿಗ್ಗೆ ತೂಗಾಡುತ್ತ ಕೊಟ್ಟಿಗೆಗೆ ಹೋದ ಆಯಿ ಒಂದು ದಿನ ಜಾರಿ ಬಿದ್ದರು. ಮಾನಸಿಕ ಕಾಯಿಲೆ ಇಲ್ಲದ, ಬರೀ ಸಾವಿನ ದುಃಖದಲ್ಲಿರುವವರಿಗೆ ಈ ಗುಂಪಿನ ಮಾತ್ರೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಹೇಳಿದೆ. ಇವು ದುಃಖವನ್ನು ಕರಗಿಸುವುದಿಲ್ಲ, ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ, ವಯಸ್ಸಾದವರನ್ನು ಬೀಳಿಸುತ್ತವೆ. ನಿತ್ಯ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸುವುದೂ ಸರಿಯಲ್ಲ. ಆದ್ದರಿಂದ ಎರಡು ವಾರದಲ್ಲಿ ಮೊದಲು ಅರ್ಧಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ ಬಿಡಿಸಲಾಯಿತು.

ವೈದ್ಯರು ಪ್ರಶ್ನೆ ಮುಗಿಸುವಷ್ಟರಲ್ಲಿ ಆಯಿಯೇ ಹೇಳಿದ ಮಾತು ಇಡೀ ಪ್ರಕರಣದ ತಿರುವು: "ನನ್ನ ಬಿಡಿ ಡಾಕ್ಟ್ರೇ. ನಾನು ಅತ್ತರೂ ಉಣ್ತೇನೆ. ಅವನು ಅಳೋದೂ ಇಲ್ಲ, ಉಣ್ಣೋದೂ ಇಲ್ಲ. ಈ ವರ್ಷ ತೋಟಕ್ಕೆ ಔಷಧಿ ಹೊಡೆಸಲಿಲ್ಲ."

ಚಿಕ್ಕಪ್ಪ

ಅಡಿಕೆ ಬೆಳೆಯುವವರಿಗೆ ಆ ಕೊನೆಯ ವಾಕ್ಯದ ತೂಕ ಗೊತ್ತು. ಕೊಳೆರೋಗ ತಡೆಯಲು ಮುಂಗಾರು ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕು, 40–45 ದಿನ ಬಿಟ್ಟು ಮತ್ತೊಮ್ಮೆ. ಚಿಕ್ಕಪ್ಪ ಮೂವತ್ತು ವರ್ಷದಿಂದ ಮೇ ಮಧ್ಯದಲ್ಲೇ ಅದಕ್ಕೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ತಂದಿಟ್ಟು, ಮರ ಹತ್ತುವ ಕೊನೆಗೌಡನಿಗೆ ದಿನ ಗೊತ್ತುಮಾಡುತ್ತಿದ್ದವರು. ಈ ಸಲ ಕೊನೆಗೌಡನೇ ಎರಡು ಬಾರಿ ಮನೆಗೆ ಬಂದು ಕೇಳಿದ. "ನೋಡೋಣ" ಎಂಬ ಉತ್ತರ ಸಿಕ್ಕಿತು. ಮೊದಲ ಮಳೆ ಬಿದ್ದರೂ ಸುಣ್ಣ ಬಂದಿರಲಿಲ್ಲ.

ಹಿಂದಕ್ಕೆ ಹೋಗಿ ಕೇಳುತ್ತ ಬಂದಾಗ ಏಪ್ರಿಲ್‌ನಿಂದಲೇ ಎಳೆ ಸಿಕ್ಕಿತು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಆ ಹೊತ್ತೇ ದಿನದ ಅತಿ ಕೆಟ್ಟ ಹೊತ್ತು, ಸಂಜೆಗೆ ಸ್ವಲ್ಪ ಹಗುರ. ತೂಕ 74 ಕಿಲೋದಿಂದ 68ಕ್ಕೆ ಇಳಿದಿತ್ತು. ತಾಳಮದ್ದಳೆ ಎಂದರೆ ಹತ್ತು ಮೈಲಿ ನಡೆದು ಹೋಗುತ್ತಿದ್ದವರು, ಊರ ದೇವಸ್ಥಾನದಲ್ಲೇ ನಡೆದ ಕೂಟಕ್ಕೆ ಹೋಗಲಿಲ್ಲ. ಎಲೆಯಡಿಕೆ ಕವಳದ ಬಟ್ಟಲು ಹಾಗೇ ಇತ್ತು. ಎಲೆ ಒಣಗಿದ್ದನ್ನು ನೋಡಿ ಚಿಕ್ಕಮ್ಮ "ಸದ್ಯ, ಚಟ ಬಿಟ್ಟರು" ಎಂದು ಖುಷಿಪಟ್ಟಿದ್ದರು. ಇಷ್ಟದ ಒಂದು ಸಣ್ಣ ಚಟ ಯಾವ ನಿರ್ಧಾರವೂ ಇಲ್ಲದೆ ತಾನಾಗಿ ಉದುರಿಹೋದರೆ ಅದನ್ನು ಒಳ್ಳೆಯ ಸುದ್ದಿ ಎನ್ನುವ ಮೊದಲು ಎರಡು ಸಲ ಯೋಚಿಸಬೇಕು. ನಾಲ್ಕನೇ ಮಾಸಿಕಕ್ಕೆ ದರ್ಭೆ, ಎಳ್ಳು ತರಲು ಮರೆತರು. ಅಂಥ ಮರೆವು ಅವರದ್ದಲ್ಲ.

ಊರವರು ಇದನ್ನೆಲ್ಲ ಗಟ್ಟಿತನ ಎಂದುಕೊಂಡರು. "ಅಣ್ಣ ಹೋದರೂ ಒಂದು ಹನಿ ಕಣ್ಣೀರು ಹಾಕಲಿಲ್ಲ, ಮನೆಯ ಭಾರ ಹೊತ್ತ" ಎಂದರು. ಭಾರ ಹೊತ್ತದ್ದು ನಿಜ, ಆದರೆ ಕಾಲು ಏಳುತ್ತಿರಲಿಲ್ಲ. ಮಾತು ಕೇಳಿದರೆ ಉತ್ತರ ಬರಲು ನಾಲ್ಕಾರು ಕ್ಷಣ ಹಿಡಿಯುತ್ತಿತ್ತು.

ಆಸ್ಪತ್ರೆಗಳಿಗೆ ಅವರು ಹೋಗಿರಲಿಲ್ಲ ಎಂದೇನಲ್ಲ. ಎರಡು ತಿಂಗಳಲ್ಲಿ ಮೂರು ಕಡೆ ಹೋಗಿದ್ದರು: ಹೊಟ್ಟೆಯುರಿ, ಸೊಂಟನೋವು, ನಿಶ್ಶಕ್ತಿ. ಎಂಡೋಸ್ಕೋಪಿ ಆಯಿತು. ಹೊಟ್ಟೆಯುರಿಗೆ ಒಮೆಪ್ರಜೋಲ್, ನೋವಿಗೆ ಡೈಕ್ಲೋಫಿನ್ಯಾಕ್, ಜೊತೆಗೆ "ಶಕ್ತಿ ಇಂಜೆಕ್ಷನ್". ಎಲ್ಲಿಯೂ ಯಾರೂ ನಿದ್ದೆ, ಮನಸ್ಸು, ಆಸಕ್ತಿಯ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೂ "ಬೇಜಾರಿದೆಯಾ?" ಎಂದು ಕೇಳಿದ್ದರೆ ಪ್ರಯೋಜನ ಕಡಿಮೆ. ನಮ್ಮಲ್ಲಿ ಬೇಜಾರು ಎಂದರೆ ಹೊತ್ತು ಹೋಗದಿರುವುದೂ ಹೌದು, ಕೋಪವೂ ಹೌದು, ಬೇಸರವೂ ಹೌದು, ಶೋಕವೂ ಹೌದು. ಗಂಡಸರು ಸುಲಭವಾಗಿ "ಇಲ್ಲ" ಎಂದುಬಿಡುತ್ತಾರೆ. ಇವರೂ ಹಾಗೇ ಅಂದರು. "ಹಿಂದೆ ಖುಷಿ ಕೊಡುತ್ತಿದ್ದ ಯಾವುದು ಈಗ ಕೊಡುವುದಿಲ್ಲ?" ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಮನೆಮಾತಿನಲ್ಲಿ ಹೇಳಿದರು: "ಎಂಗೆ ಎಂತೂ ಅನಿಸ್ತಿಲ್ಲೆ."

ಏನೂ ಅನಿಸುತ್ತಿಲ್ಲ. ಅಣ್ಣನನ್ನು ನೆನೆದರೂ ಅಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ಯೋಚನೆ: ಆ ರಾತ್ರಿ ಪಕ್ಕದೂರಿನ ಜೀಪಿಗೆ ಕಾಯದೆ ಹೊರಟಿದ್ದರೆ ಅಣ್ಣ ಬದುಕುತ್ತಿದ್ದ, ಕೊಂದವನು ನಾನೇ. ದುಃಖದಲ್ಲೂ "ಹಾಗೆ ಮಾಡಿದ್ದರೆ" ಎಂಬ ಕೊರಗು ಇರುತ್ತದೆ. ಆಯಿಗೂ ಇತ್ತು: ಅವತ್ತು ಮಧ್ಯಾಹ್ನವೇ ಸುಸ್ತು ಎಂದಿದ್ದರು, ಕೇಳಲಿಲ್ಲವಲ್ಲ ಎಂದು. ಆದರೆ ಆಯಿಯ ಕೊರಗು ಆ ಒಂದು ಮಧ್ಯಾಹ್ನಕ್ಕೆ ಸೀಮಿತ. ಚಿಕ್ಕಪ್ಪನ ಕೊರಗು ಅಲ್ಲಿಂದ ಹೊರಟು ಇಡೀ ಬದುಕನ್ನು ಆವರಿಸಿತ್ತು: ತೋಟ ನೋಡಿಕೊಳ್ಳಲು ನಾಲಾಯಕ್ಕು, ಹೆಂಡತಿಗೆ ಹೊರೆ, ಅಣ್ಣನ ಬದಲು ತಾನು ಹೋಗಬೇಕಿತ್ತು. ದುಃಖ ಕಳೆದುಹೋದವರ ಕಡೆ ನೋಡುತ್ತದೆ. ಖಿನ್ನತೆ ಉಳಿದವನನ್ನೇ ತಿನ್ನುತ್ತದೆ.

ಅಂಕ ಹಾಕಿ ನೋಡಿದಾಗ

ಇಬ್ಬರಿಗೂ ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಓದಿ ಹೇಳಿ ತುಂಬಿಸಲಾಯಿತು. ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಆ ತೊಂದರೆ ಇರಲೇ ಇಲ್ಲವಾದರೆ 0, ಕೆಲವು ದಿನ ಇದ್ದರೆ 1, ಅರ್ಧಕ್ಕಿಂತ ಹೆಚ್ಚು ದಿನವಿದ್ದರೆ 2, ಹೆಚ್ಚುಕಡಿಮೆ ದಿನಾ ಇದ್ದರೆ 3. ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಮಧ್ಯಮಕ್ಕಿಂತ ಜೋರು, 20ರಿಂದ ತೀವ್ರ.

ಆಯಿಗೆ ಬಂದದ್ದು 7: ಮನಸ್ಸು ಕುಗ್ಗುವುದಕ್ಕೆ 2, ನಿದ್ದೆಗೆ 2, ಆಯಾಸ, ಹಸಿವು, ಗಮನಕ್ಕೆ ಒಂದೊಂದು. ಆಸಕ್ತಿ ಕಳೆದುಕೊಂಡದ್ದಕ್ಕೆ ಸೊನ್ನೆ, ತನ್ನನ್ನು ಹಳಿದುಕೊಳ್ಳುವುದಕ್ಕೆ ಸೊನ್ನೆ.

ಚಿಕ್ಕಪ್ಪನಿಗೆ 19. ಆಸಕ್ತಿ 3, ನಿದ್ದೆ 3, ಆಯಾಸ 3, ತನ್ನನ್ನು ಹಳಿದುಕೊಳ್ಳುವುದು 3, ಹಸಿವು 2, ಗಮನ 2, ನಿಧಾನವಾಗುವುದು 1, ಸಾವಿನ ಯೋಚನೆ 1. ಮನಸ್ಸು ಕುಗ್ಗುವುದಕ್ಕೆ ಅವರು ಕೊಟ್ಟುಕೊಂಡದ್ದು ಬರೀ 1. ದುಃಖದ ಪ್ರಶ್ನೆಯೊಂದನ್ನೇ ಕೇಳಿ ಬಿಟ್ಟಿದ್ದರೆ ಆಯಿಯೇ ರೋಗಿ, ಇವರು ಆರೋಗ್ಯವಂತ.

ಒಟ್ಟು ಅಂಕ ರೋಗನಿರ್ಣಯವಲ್ಲ, ಅದು ಬಾಗಿಲು ತಟ್ಟುವ ಕೆಲಸ ಮಾಡುತ್ತದೆ ಅಷ್ಟೆ. ನಿರ್ಣಯಕ್ಕೆ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5 ಕೇಳುವುದು ಒಂಬತ್ತರಲ್ಲಿ ಕನಿಷ್ಠ ಐದು ಲಕ್ಷಣ, ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ. ಆ ಐದರಲ್ಲಿ ಕುಗ್ಗಿದ ಮನಸ್ಸು ಅಥವಾ ಆಸಕ್ತಿ ಸತ್ತುಹೋಗುವುದು ಒಂದಾದರೂ ಇರಬೇಕು. ಜೊತೆಗೆ ಕೆಲಸ, ಸಂಸಾರ ಕೆಟ್ಟಿರಬೇಕು. "ಅಥವಾ" ಎಂಬ ಆ ಪದವನ್ನು ಗಮನಿಸಿ. ಕುಗ್ಗಿದ ಮನಸ್ಸಿಲ್ಲದೆಯೂ ಖಿನ್ನತೆ ಇರಬಹುದು. ಪ್ರಶ್ನಾವಳಿಯಲ್ಲಿ 2 ಅಥವಾ 3 ಬಂದದ್ದನ್ನು ಲಕ್ಷಣವೆಂದು ಎಣಿಸಬೇಕು. ಸಾವಿನ ಯೋಚನೆ ಮಾತ್ರ 1 ಬಂದರೂ ಎಣಿಕೆಗೆ ಬರುತ್ತದೆ. ಹೀಗೆ ಎಣಿಸಿದರೆ ಚಿಕ್ಕಪ್ಪನಿಗೆ ಏಳು, ಆಯಿಗೆ ಎರಡು.

"ಸಾವಾದ ಮನೆಯಲ್ಲಿ ಇದೆಲ್ಲ ಇದ್ದದ್ದೇ, ಈಗಲೇ ಯಾಕೆ ಕಾಯಿಲೆ ಎನ್ನಬೇಕು?" ಎಂದು ಮಗ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹಿಂದಿನ ಡಿಎಸ್‌ಎಂನಲ್ಲಿ ಸಾವಿನ ನಂತರ ಎರಡು ತಿಂಗಳು ಸಾಮಾನ್ಯವಾಗಿ ಖಿನ್ನತೆ ಎಂದು ಹೆಸರಿಡದಂತೆ ವಿನಾಯಿತಿ ಇತ್ತು. 2013ರಲ್ಲಿ ಅದನ್ನು ತೆಗೆದರು. ಸಾವು ಖಿನ್ನತೆಯನ್ನು ಹುಟ್ಟಿಸಬಲ್ಲದು, ಕಾರಣ ಗೊತ್ತಿದೆ ಎಂದ ಮಾತ್ರಕ್ಕೆ ಕಾಯಿಲೆ ಕಾಯಿಲೆಯಾಗದೆ ಹೋಗುವುದಿಲ್ಲ. ಬಿದ್ದು ಕಾಲು ಮುರಿದರೆ ಬಿದ್ದದ್ದೇ ಕಾರಣ ಎಂದು ಪಟ್ಟಿ ಕಟ್ಟದೆ ಬಿಡುತ್ತೇವೆಯೇ?

ನಿರ್ಣಯಕ್ಕೆ ಮೊದಲು ಬಿಡಿಸಬೇಕಾದ ಗಂಟುಗಳು

ಕುಡಿತ ಇರಲಿಲ್ಲ. ಹಿಂದೆ ಯಾವಾಗಲಾದರೂ ನಾಲ್ಕಾರು ದಿನ ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ಮಿತಿಮೀರಿದ ಮಾತು, ಕೈಮೀರಿದ ಖರ್ಚು ಕಂಡಿತ್ತೇ ಎಂದು ಚಿಕ್ಕಮ್ಮನನ್ನು ಬೇರೆಯಾಗಿ ಕೇಳಲಾಯಿತು. ಇದ್ದಿದ್ದರೆ ಅದು ಖಿನ್ನತೆಯೂ ಉನ್ಮಾದವೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಆಗುವ ಸಾಧ್ಯತೆ ಇತ್ತು. ಆಗ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದದ ಕಡೆಗೆ ತಳ್ಳಿದಂತಾಗುತ್ತದೆ. ಇರಲಿಲ್ಲ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಸರಿ ಇದ್ದವು. ಬಿ12 ಮಾತ್ರ 168, ಕಡಿಮೆ. ಸಸ್ಯಾಹಾರಿಗಳಲ್ಲಿ ಇದು ಹೊಸತಲ್ಲ, ಒಮೆಪ್ರಜೋಲನ್ನು ದೀರ್ಘಕಾಲ ತೆಗೆದುಕೊಂಡರೆ ಇನ್ನಷ್ಟು ಇಳಿಯುತ್ತದೆ. ಇಲ್ಲೇ ಒಂದು ಬಲೆ. ಕಾಗದದ ಮೇಲೆ ಒಂದು ಕಡಿಮೆ ಅಂಕಿ ಕಂಡೊಡನೆ "ಓ, ವಿಟಮಿನ್ ಕೊರತೆ, ಅಷ್ಟೇ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಬಿ12 ಕೊಡಲೇಬೇಕು, ಕೊಡಲಾಯಿತು. ಆದರೆ ಮೂರು ಗಂಟೆಗೆ ಎಚ್ಚರವಾಗಿ "ಕೊಂದವನು ನಾನೇ" ಎಂದು ತಿರುಗುವ ತಲೆಗೆ ಅದೊಂದೇ ಉತ್ತರವಲ್ಲ.

ಸಾವಿನ ಯೋಚನೆಯ ಬಗ್ಗೆ ನೇರವಾಗಿ ಕೇಳಬೇಕು. ಕೇಳಿದರೆ ತಲೆಗೆ ಹಾಕಿಕೊಟ್ಟಂತಾಗುತ್ತದೆ ಎಂಬುದು ತಪ್ಪು ನಂಬಿಕೆ. ಕೇಳಿದಾಗ ಬಹಳ ಜನರಿಗೆ ಭಾರ ಇಳಿದಂತಾಗುತ್ತದೆ. ಮೊದಲು "ಬದುಕು ಸಾಕೆನಿಸಿದೆಯೇ?", ಆಮೇಲೆ "ಸಾಯಬೇಕೆಂದು ಅನಿಸಿದೆಯೇ?", "ಹೇಗೆಂದು ಯೋಚಿಸಿದ್ದೀರಾ?", "ಏನಾದರೂ ತಯಾರಿ?", ಕೊನೆಗೆ "ನಿಮ್ಮನ್ನು ಹಿಡಿದಿಟ್ಟಿರುವುದು ಏನು?" ಆಯಿಗೆ ಕೇಳಿದಾಗ "ಕರೆದರೆ ಅವರ ಹತ್ತಿರ ಹೋಗ್ತಿದ್ದೆ, ಆದರೆ ಮೊಮ್ಮಗನ ಉಪನಯನ ನೋಡಬೇಕು" ಎಂದರು. ಅದು ಹಂಬಲ. ಚಿಕ್ಕಪ್ಪ "ಬೆಳಿಗ್ಗೆ ಏಳದಿದ್ದರೆ ಸಾಕು, ನಾನಿದ್ದು ಯಾರಿಗೆ ಏನು" ಎಂದರು. ಯೋಜನೆ ಇರಲಿಲ್ಲ, ತಯಾರಿ ಇರಲಿಲ್ಲ. ಆದರೂ ತೋಟದ ಮನೆಯಲ್ಲಿ ಕೈಗೆ ಸಿಗುವಂತೆ ವಿಷವಸ್ತುಗಳು ಇರುತ್ತವೆ. ಅವತ್ತು ಸಂಜೆಯೇ ತೋಟದ ಔಷಧಿ ಡಬ್ಬಿಗಳೆಲ್ಲ ಪಕ್ಕದ ಮನೆಯ ಬೀಗದ ಕೋಣೆಗೆ ಹೋದವು. ಮಾತ್ರೆಗಳು ಚಿಕ್ಕಮ್ಮನ ಕೈಯಲ್ಲಿ, ಒಂದು ಸಲಕ್ಕೆ ಒಂದು ವಾರದ್ದು ಮಾತ್ರ. ರಾತ್ರಿ ಹೊತ್ತು ಮಾತಾಡಬೇಕೆನಿಸಿದರೆ ಇರಲೆಂದು ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಮೂವರ ಮೊಬೈಲಿನಲ್ಲೂ ಉಳಿಸಿಕೊಟ್ಟರು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಚಿಕಿತ್ಸೆ ಎಡವಿದ್ದು ಎಲ್ಲಿ

ಚಿಕ್ಕಪ್ಪನಿಗೆ ಖಿನ್ನತೆಯ ಮಾತ್ರೆ ಎಸ್ಸಿಟಲೊಪ್ರಾಮ್ ಅನ್ನು 5 ಮಿ.ಗ್ರಾಂನಿಂದ ಶುರುಮಾಡಿ ಒಂದು ವಾರಕ್ಕೆ 10ಕ್ಕೆ ಏರಿಸಿದರು. ಡೈಕ್ಲೋಫಿನ್ಯಾಕ್ ನಿಲ್ಲಿಸಲಾಯಿತು, ಈ ಗುಂಪಿನ ಮಾತ್ರೆಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಇಷ್ಟನ್ನು ನೋಡಿದರು. ನೋಡದೆ ಬಿಟ್ಟದ್ದು ಬಿಪಿ ಮಾತ್ರೆಯ ಚೀಟಿಯನ್ನು.

ಹನ್ನೆರಡನೇ ದಿನ ಚಿಕ್ಕಪ್ಪನಿಗೆ ತಲೆನೋವು, ವಾಕರಿಕೆ, ನಡೆಯುವಾಗ ತೂರಾಟ, ಮಾತು ಅಲ್ಲಲ್ಲಿ ಅಸಂಬದ್ಧ. ಮನೆಯವರು ಹೇಳಿದ್ದು ಒಂದೇ: "ತಲೆಯ ಗುಳಿಗೆ ತಲೆಯನ್ನೇ ಕೆಡಿಸಿತು." ಪರೀಕ್ಷಿಸಿದಾಗ ರಕ್ತದ ಸೋಡಿಯಂ 126; ಇರಬೇಕಾದದ್ದು 135ರ ಮೇಲೆ. ಅವರ ಬಿಪಿ ಮಾತ್ರೆಯಲ್ಲಿ ಕ್ಲೋರ್ಥಾಲಿಡೋನ್ ಇತ್ತು. ಅದು ಮೂತ್ರದ ಮೂಲಕ ಸೋಡಿಯಂ ಹೊರಹಾಕುತ್ತದೆ. ಎಸ್ಸಿಟಲೊಪ್ರಾಮ್ ಗುಂಪಿನ ಮಾತ್ರೆಗಳು ದೇಹ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ಸೋಡಿಯಂ ತೆಳುವಾಗಿಸಬಲ್ಲವು. ಒಮೆಪ್ರಜೋಲ್ ಎಸ್ಸಿಟಲೊಪ್ರಾಮಿನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಮೂರೂ ಒಂದೇ ಕಡೆಗೆ ಎಳೆದವು. ಮಾತ್ರೆ ಶುರುವಾದ ಮೊದಲ ಕೆಲವು ವಾರಗಳೇ ಇದಕ್ಕೆ ಅಪಾಯದ ಹೊತ್ತು, ವಯಸ್ಸಾದಷ್ಟೂ ಅಪಾಯ ಹೆಚ್ಚು. ಬಿಪಿಗೆ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಶುರುವಿಗೆ ಮೊದಲೊಮ್ಮೆ, ಒಂದೆರಡು ವಾರದಲ್ಲಿ ಇನ್ನೊಮ್ಮೆ ಸೋಡಿಯಂ ನೋಡಬೇಕಿತ್ತು. ಸಣ್ಣ ಖರ್ಚಿನ ಪರೀಕ್ಷೆ, ಬಿಟ್ಟುಹೋಗಿತ್ತು. ಓದುವವರು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು: ಮನೋವೈದ್ಯರ ಹತ್ತಿರ ಹೋಗುವಾಗ ಬಿಪಿ, ಸಕ್ಕರೆ, ಹೊಟ್ಟೆ, ನೋವು, ಆಯುರ್ವೇದ ಯಾವುದನ್ನೂ ಬಿಡದೆ ಎಲ್ಲ ಔಷಧಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಬೇಕು.

ಎರಡು ದಿನ ದಾಖಲು ಮಾಡಿಕೊಂಡರು. ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮಿದುಳಿಗೇ ಹಾನಿ, ಆದ್ದರಿಂದ ನಿಧಾನವಾಗಿ ಏರಲು ಬಿಟ್ಟರು. ಕ್ಲೋರ್ಥಾಲಿಡೋನ್ ಬದಲು ಅಮ್ಲೋಡಿಪಿನ್, ಎಸ್ಸಿಟಲೊಪ್ರಾಮ್ ಬಂದ್, ಒಮೆಪ್ರಜೋಲ್ ಸಹ ಬಂದ್. ವಾರದಲ್ಲಿ ಸೋಡಿಯಂ 137ಕ್ಕೆ ಬಂದ ಮೇಲೆ ಖಿನ್ನತೆಯ ಇನ್ನೊಂದು ಮಾತ್ರೆ ಮಿರ್ಟಜಪಿನ್ 7.5 ಮಿ.ಗ್ರಾಂ ರಾತ್ರಿ, ಒಂದು ವಾರ ಬಿಟ್ಟು 15. ಇದರಲ್ಲಿ ಸೋಡಿಯಂ ಇಳಿಯುವ ಸಂಭವ ಕಡಿಮೆ. ನಿದ್ದೆ ಬರಿಸುತ್ತದೆ, ಹಸಿವು ಹೆಚ್ಚಿಸುತ್ತದೆ. ಬೇರೆಯವರಿಗೆ ತೊಂದರೆಯಾಗುವ ಈ ಎರಡು ಗುಣಗಳೇ ಆರು ಕಿಲೋ ಇಳಿದು ಮೂರಕ್ಕೆ ಏಳುವವರಿಗೆ ಉಪಕಾರ. ಮೊದಲ ನಾಲ್ಕೈದು ದಿನ ಬೆಳಿಗ್ಗೆ ಮಂಪರು ಇತ್ತು.

ಮನೆಯವರಿಗೆ ಹೇಳಿಕೊಟ್ಟದ್ದು: ಎರಡರಿಂದ ನಾಲ್ಕು ವಾರದಲ್ಲಿ ಬದಲಾವಣೆಯ ಸುಳಿವು, ಪೂರ್ತಿ ಫಲಕ್ಕೆ ಆರರಿಂದ ಎಂಟು ವಾರ. ಮೊದಲು ನಿದ್ದೆ, ಹಸಿವು ಸುಧಾರಿಸುತ್ತವೆ, ಮೈಯಲ್ಲಿ ಕಸುವು ಬರುತ್ತದೆ. ಮನಸ್ಸು ತಡವಾಗಿ ಹಿಂದಿನಿಂದ ಬರುತ್ತದೆ. ಕಸುವು ಬಂದು ಮನಸ್ಸು ಇನ್ನೂ ಕತ್ತಲಲ್ಲಿರುವ ಆ ನಡುವಿನ ವಾರಗಳಲ್ಲಿ ಒಬ್ಬಂಟಿಯಾಗಿ ಬಿಡಬಾರದು.

ಮಾತ್ರೆಯಷ್ಟೇ ಮುಖ್ಯವಾದ ಒಂದು ಚೀಟಿ

ನಮ್ಮ ಜಿಲ್ಲೆಯ ಗಡಿಯಾಚೆ, ಗೋವಾದಲ್ಲಿ, ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ನಡೆಸಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಬಾರಿ ಕೂತು ಮಾತಾಡಿ, ರೋಗಿಯನ್ನು ಮತ್ತೆ ಚಟುವಟಿಕೆಗೆ ತರುವ ಕ್ರಮ ಅದು. ಪಿಎಚ್‌ಕ್ಯೂ-9ರಲ್ಲಿ 14ಕ್ಕಿಂತ ಮೇಲಿದ್ದವರಿಗೇ ಅದನ್ನು ಮಾಡಿದ್ದು, ಮೂರು ತಿಂಗಳಲ್ಲಿ ಸ್ಪಷ್ಟ ಫಲ ಕಂಡಿತು. ತಿರುಳು ಸರಳ: ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯುತ್ತ ಕೂತರೆ ಮನಸ್ಸು ಬರುವುದಿಲ್ಲ. ಸಣ್ಣ ಕೆಲಸ ಮೊದಲು, ಮನಸ್ಸು ಅದರ ಹಿಂದೆ.

ಚಿಕ್ಕಪ್ಪನ ಮೊದಲ ವಾರದ ಚೀಟಿಯಲ್ಲಿ ಮೂರೇ ಇದ್ದವು. ಬೆಳಿಗ್ಗೆ ಆರೂವರೆಗೆ ಎದ್ದು ಬಾವಿಕಟ್ಟೆಯವರೆಗೆ ಹೋಗಿ ಬರುವುದು. ಕರುವಿಗೆ ಒಂದು ಹಿಡಿ ಹುಲ್ಲು. ಸಂಜೆ ಅಣ್ಣನ ಮಗನ ಜೊತೆ ಫೋನಿನಲ್ಲಿ ಐದು ನಿಮಿಷ. ಪ್ರತಿಯೊಂದರ ಮುಂದೆ "ಎಷ್ಟು ಕಷ್ಟವಾಯಿತು", "ಎಷ್ಟು ಹಿತವಾಯಿತು" ಎಂದು ಹತ್ತಕ್ಕೆ ಅಂಕ. ಮೊದಲ ವಾರ ಹಿತದ ಅಂಕ ಸೊನ್ನೆ, ಒಂದು. ಅದು ನಿರೀಕ್ಷಿತ. ಮಾಡಿದ್ದೇ ಆ ವಾರದ ಗಳಿಕೆ.

ಎರಡನೇ ವಾರ ಚಿಕ್ಕಮ್ಮ ಅವಸರಪಟ್ಟರು. ಬಾವಿಕಟ್ಟೆಗೆ ಹೋಗುವವರು ತೋಟಕ್ಕೂ ಹೋಗಬಹುದಲ್ಲ ಎಂದು ಇಡೀ ತೋಟ ಸುತ್ತಿ ಬರಲು ಕಳಿಸಿದರು. ಅರ್ಧ ದಾರಿಯಲ್ಲಿ ಕೂತುಬಿಟ್ಟ ಚಿಕ್ಕಪ್ಪ ಮರಳಿ ಬಂದು ಎರಡು ದಿನ ಮಾತಾಡಲಿಲ್ಲ. ಸೋತದ್ದು ನಾಲಾಯಕ್ಕುತನಕ್ಕೆ ಇನ್ನೊಂದು ಸಾಕ್ಷಿಯಾಗಿತ್ತು. ಚೀಟಿಯ ಕೆಲಸ ಇವತ್ತಿನ ಕಸುವಿನ ಅರ್ಧಕ್ಕೆ ಹೊಂದುವಷ್ಟು ಸಣ್ಣದಿರಬೇಕು, ಗೆಲ್ಲುವುದು ಖಾತ್ರಿ ಎನ್ನುವಂತಿರಬೇಕು. ತೋಟದ ಕೆಲಸವನ್ನು ತುಂಡು ಮಾಡಲಾಯಿತು: ಒಂದು ದಿನ ಬಾಗಿಲ ಬಳಿಯ ಹತ್ತು ಮರದ ಅಡಿಕೆ ಕೊನೆ ನೋಡುವುದು ಮಾತ್ರ. ಇನ್ನೊಂದು ದಿನ ಕೊನೆಗೌಡನಿಗೆ ಫೋನ್ ಮಾಡುವುದು ಮಾತ್ರ. ತಡವಾಗಿ ಹೋಗಿದ್ದ ಮೊದಲ ಔಷಧಿಯನ್ನು ಜೂನ್ ಮಧ್ಯದಲ್ಲಿ ಮಳೆ ಬಿಡುವು ಕೊಟ್ಟಾಗ ಮಗ ನಿಂತು ಹೊಡೆಸಿದ್ದರು. ಆ ಹೊರೆಯನ್ನು ರೋಗಿಯ ಮೇಲೆ ಹಾಕಲಿಲ್ಲ.

ಮನೆಯಲ್ಲಿ ಒಂದು ಮಾತನ್ನು ಬಿಡಬೇಕೆಂದು ಕೇಳಿಕೊಳ್ಳಲಾಯಿತು: "ಮನಸ್ಸು ಗಟ್ಟಿ ಮಾಡ್ಕಳವು." ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಗಟ್ಟಿ ಮಾಡಿಕೊಳ್ಳಲು ಬೇಕಾದ ಅಂಗವೇ ಕಾಯಿಲೆ ಬಿದ್ದಿರುವಾಗ ಕೇಳುವವರಿಗೆ ಅದು "ನೀನು ಮನಸ್ಸು ಮಾಡುತ್ತಿಲ್ಲ" ಎಂದೇ ತಲುಪುತ್ತದೆ. ಬದಲಿಗೆ "ಬಾವಿಕಟ್ಟೆಗೆ ನಾನೂ ಬರ್ತೆ" ಎಂದು ಎದ್ದು ಜೊತೆಗೆ ನಡೆಯುವುದು. ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಆಯಿ. ದಾರಿಯಲ್ಲಿ ಗಂಡನ ಮಾತು ಬಂದರೆ ಅವರು ಅಳುತ್ತಿದ್ದರು, ಮೈದುನ ಸುಮ್ಮನೆ ಪಕ್ಕದಲ್ಲಿ ನಡೆಯುತ್ತಿದ್ದರು.

ವಾರಗಳು

ಮೂರನೇ ವಾರ ಅಂಕ 17. ಸೋಡಿಯಂ ಗಲಾಟೆಯಲ್ಲಿ ಹೆಚ್ಚೇನೂ ಇಳಿಯಲಿಲ್ಲ. ಆರನೇ ವಾರ 12. ನಿದ್ದೆ ಐದು ಗಂಟೆಯವರೆಗೆ ಹೋಯಿತು. ಏಳನೇ ವಾರ, ಜುಲೈ ಕೊನೆ, ತೋಟಕ್ಕೆ ಎರಡನೇ ಔಷಧಿಯ ಸಮಯ. ಬೀಗ ಹಾಕಿದ್ದ ಸಾಮಾನನ್ನು ಕೊನೆಗೌಡ ತಾನೇ ತಂದು, ತಾನೇ ಜೊತೆಗೆ ನಿಂತ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಿದ್ದಾಗ ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪ ಎದ್ದು ಬಂದರು. ಯಾರೂ ಹೇಳದೆ ಕತ್ತಿಯ ಅಲಗನ್ನು ಅದ್ದಿ ತೆಗೆದು ಬೆಳಕಿಗೆ ಹಿಡಿದರು. ಅಲಗಿನ ಮೇಲೆ ಕೆಂಪು ಕೂತಿತ್ತು, ತಾಮ್ರದ ಅಂಶ ಉಳಿದಿದೆ ಎಂದರ್ಥ. "ಸುಣ್ಣ ಸಾಲದು" ಎಂದರು. ಅವತ್ತಿನ ಚೀಟಿಯಲ್ಲಿ ಹಿತದ ಅಂಕ 4.

ಒಂಬತ್ತನೇ ವಾರ 8. ಮೊದಲಿದ್ದದ್ದರ ಅರ್ಧಕ್ಕಿಂತ ಕೆಳಗೆ ಬಂದರೆ ಔಷಧಿ ಹಿಡಿದಿದೆ ಎಂದೂ, 5ಕ್ಕಿಂತ ಕೆಳಗೆ ಬಂದು ನಿಂತರೆ ಗುಣವಾಗಿದೆ ಎಂದೂ ಲೆಕ್ಕ. ಚೆನ್ನಾಗಾಯಿತೆಂದು ಮಾತ್ರೆ ಬಿಡುವುದು ಇಂಥ ಹೊತ್ತಿನಲ್ಲೇ. ಆಗಲೇ ಕಾಯಿಲೆ ಮರುಕಳಿಸುವುದು. ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣ, ಆಮೇಲೆ ವಾರಗಟ್ಟಲೆ ಹಿಡಿದು ಇಳಿಸುವುದು ಎಂದು ಬರೆದುಕೊಟ್ಟರು. ಫೆಬ್ರುವರಿಯ ವರ್ಷಾಂತಿಕ ದಾಟುವವರೆಗೆ ಇಳಿಸುವ ಮಾತೇ ಬೇಡ ಎಂದೂ ಸೇರಿಸಿದರು.

ಆಯಿಯನ್ನು ಆರು ತಿಂಗಳಿಗೆ ಮತ್ತೆ ನೋಡುವುದೆಂದು ಇಟ್ಟುಕೊಳ್ಳಲಾಗಿತ್ತು. ದುಃಖವೂ ಕೆಲವರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ದಿನವಿಡೀ ಹಂಬಲ, ಸಾವನ್ನು ಒಪ್ಪಲಾಗದಿರುವುದು, ಬದುಕು ಅಲ್ಲೇ ನಿಂತುಹೋಗುವುದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರ ಪ್ರಕಾರ ಆರು ತಿಂಗಳ ನಂತರವೂ, ಆ ಸಮುದಾಯದ ರೂಢಿಯನ್ನು ಮೀರಿ ಮುಂದುವರಿದರೆ ಅದು ದೀರ್ಘಶೋಕದ ಕಾಯಿಲೆ. ಡಿಎಸ್‌ಎಂ ವರ್ಷದವರೆಗೆ ಕಾಯುತ್ತದೆ. ಆಯಿಗೆ ಅದು ಬರಲಿಲ್ಲ. ಆಗಸ್ಟ್ ಕೊನೆಗೆ ಬಂದಾಗ ಅಂಕ 4, ಮಜ್ಜಿಗೆ ಕಡೆಯುವ ಕೈನೋವಿನ ಬಗ್ಗೆಯೇ ಹೆಚ್ಚು ಹೇಳಿದರು.

ಹನ್ನೆರಡನೇ ವಾರ ಚೌತಿ. ಮೈಲಿಗೆಯ ವರ್ಷವಾದ್ದರಿಂದ ಮನೆಯಲ್ಲಿ ಗಣಪತಿ ಇರಲಿಲ್ಲ. ಪ್ರತಿವರ್ಷ ಅಣ್ಣ ಗಣಪತಿ ತರುತ್ತಿದ್ದರು, ತಮ್ಮ ಮಂಟಪಕ್ಕೆ ಫಲಾವಳಿ ಕಟ್ಟುತ್ತಿದ್ದರು. ಪಕ್ಕದ ಮನೆಯ ಗರ್ನಾಲು ಕೇಳಿದ ಹೊತ್ತಿಗೆ ಚಿಕ್ಕಪ್ಪ ಖಾಲಿ ಮಂಟಪದ ಮುಂದೆ ಕೂತು ಅಳತೊಡಗಿದರು. ಅರ್ಧ ಗಂಟೆ. ಸಾವಾದ ಮೇಲೆ ಮೊದಲ ಸಲ. ಕಾಯಿಲೆ ಮರುಕಳಿಸಿತೆಂದು ಮಗ ಬೆಂಗಳೂರಿನಿಂದ ಗಾಬರಿಯಲ್ಲಿ ವೈದ್ಯರಿಗೆ ಫೋನ್ ಮಾಡಿದರು. ನಿದ್ದೆ ಹೇಗಿದೆ, ಅಳುವಾಗ ಏನು ಹೇಳಿದರು, ಆಮೇಲೆ ಏನು ಮಾಡಿದರು ಎಂದು ವೈದ್ಯರು ಕೇಳಿದರು. ನಿದ್ದೆ ಐದೂವರೆವರೆಗೆ. "ಅಣ್ಣ ಇರಬೇಕಾಗಿತ್ತು" ಎಂದಷ್ಟೇ ಹೇಳಿದರು, ಜೀಪಿನ ಮಾತು ಬರಲಿಲ್ಲ. ಆಮೇಲೆ ಮುಖ ತೊಳೆದು ಬಂದು ಊಟಕ್ಕೆ ಕೂತರು, ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮಾತ್ರೆಯನ್ನು ಬದಲಿಸಲಿಲ್ಲ. ಆ ವಾರದ ಅಂಕ 5.